ಗೇಟಿನ ರಿಜಿಸ್ಟರು

ಒಂದೇ ರಾತ್ರಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಸಲ
ಕದ ಬಡಿದಿದ್ದಾರೆ ಅಂದೆ.
ದೊಡ್ಡೀರಯ್ಯನ ಮುಖ ಕೆಟ್ಟಿತು.
ಶಾಂತಿಗ್ರಾಮದ ರಸ್ತೆಯ ಈ ಕೋಲ್ಡ್ ಸ್ಟೋರೇಜಿನ ಗೇಟನ್ನು
ಹನ್ನೊಂದು ವರ್ಷ ಕಾದವನು,
ಬೀಡಿ ಹಚ್ಚಲೂ ಬೆನ್ನು ತಿರುಗಿಸದವನು.
"ನಾನಿಲ್ಲೇ ಕೂತಿದ್ದೆ ಕಣವ್ವ. ನಾಯಿ ಬೊಗಳ್ನಿಲ್ಲ.
ಒಂದು ನರಪಿಳ್ಳೇನೂ ಬರ್ನಿಲ್ಲ."

ನಾಯಿಗೆ ಕೇಳಿಸುವ ಬಡಿತವಲ್ಲ ಅದು.
ಇಪ್ಪತ್ತೆರಡನೇ ನಂಬರಿನ ಬಾಗಿಲು,
ಅಗುಳಿಯಿಲ್ಲ, ಹೊಸಿಲಿಗೆ ಅರಿಶಿನವಿಲ್ಲ,
ಮಹಡಿಯ ಕೋಣೆಯಲ್ಲಿ ಧೂಳು ತಿನ್ನುತ್ತ ಕೂತ
ಸರ್ವರ್ ಡಬ್ಬಿಯ ಎದೆಯಲ್ಲಿದೆ.
ಅದರ ಮುಂದೆ ಯಾರ್ಯಾರೋ ನಿಂತು
ಬಾಯಿಗೆ ಬಂದ ಹೆಸರು ಕೂಗಿದ್ದಾರೆ:
ರೂಟ್, ರೂಟ್, ಅಡ್ಮಿನ್, ಟೆಸ್ಟ್, ಗೆಸ್ಟ್, ಮತ್ತೆ ರೂಟ್.
ರೂಟ್ ಅಂದರೆ ಬೇರು ಅಂದೆ.
"ಗಡ್ಡೆ ಇಡೋ ಜಾಗ್ದಲ್ಲಿ ಬೇರು ಕೇಳ್ತಾರಾ, ಮುಟ್ಠಾಳ್ರು."
ನಿನ್ನ ಹೆಸರನ್ನು ಮಾತ್ರ ಯಾರೂ ಕೂಗಿಲ್ಲ ಅಂದಾಗ
ಅವನಿಗೆ ಕೊಂಚ ಸಮಾಧಾನ.

ಮಾಲೀಕರು ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದ್ದರು.
ಪೊಟ್ಯಾಟೊ ಒಂದು ಎರಡು ಮೂರು.
ಪಕ್ಕದಲ್ಲಿ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರು,
ಎರಡಕ್ಕೂ ಒಂದೇ ಸೆಲ್ಲೋಟೇಪು.
ಕೆಳಗೆ ಆರು ಸಾವಿರ ಚೀಲ ಬಿತ್ತನೆ ಗಡ್ಡೆ
ನಾಲ್ಕು ಡಿಗ್ರಿಯ ಕತ್ತಲಲ್ಲಿ ಕಣ್ಣು ಮುಚ್ಚಿ ಮಲಗಿದೆ.
ಯಾವನೋ ಎಲ್ಲೋ ಕೂತು
ನಾಲ್ಕನ್ನು ಹದಿನಾಲ್ಕು ಮಾಡಿದನೆಂದರೆ
ಅಷ್ಟೂ ಗಡ್ಡೆ ಕಣ್ಣು ಬಿಡುತ್ತದೆ,
ನೆಲವಿಲ್ಲದೆ, ಮಳೆಯಿಲ್ಲದೆ,
ಗೋಣಿಯ ಒಳಗೇ.

ಪೆನ್ಷನ್ ಮೊಹಲ್ಲಾದ ನನ್ನ ಅಡುಗೆಮನೆಯಲ್ಲಿ
ಕುಕ್ಕರು ಕೂಗುವ ಹೊತ್ತಿಗೆ ಜೋಡಿ ಕೀಲಿ ಮಾಡಿದೆ.
ಒಂದನ್ನು ಊರಿಗೆಲ್ಲ ತೋರಿಸಬಹುದು,
ಇನ್ನೊಂದನ್ನು ಹೆತ್ತವಳಿಗೂ ತೋರಿಸಬಾರದು.
ತೋರಿಸುವಂಥದ್ದು ಅಲ್ಲಿ ಹೋಗಿ ಬೀಗವಾಯಿತು.
ಕೀಲಿಕೈ ಅಂತ ಯಾಕಂದರೋ ನಮ್ಮ ಜನ,
ಕೀಲಿಯನ್ನು ಯಾರೂ ಅರೆದು ಮಾಡಿಯಾರು,
ಕೈಯನ್ನು ಎಲ್ಲಿಂದ ತಂದಾರು?

ಈಗ "ನಾಲ್ಕು ಡಿಗ್ರಿ" ಎಂಬ ಸಣ್ಣ ಮಾತು ಕೂಡ
ನನ್ನ ಮನೆಗೆ ಮುಸುಕು ಹಾಕಿಕೊಂಡೇ ಬರುತ್ತದೆ,
ಅಮ್ಮಿ ಮಂಗಳವಾರದ ಸಂತೆಗೆ ಹೋದ ಹಾಗೆ.
ದಾರಿಯವರಿಗೆ ಬರೀ ಕಪ್ಪು ಬಟ್ಟೆ.
ಸೊಪ್ಪಿನವಳಿಗೆ ಮಾತ್ರ
ಬಾಯಿ ತೆರೆದ ಕೂಡಲೆ ಗೊತ್ತು.

ಆಮೇಲೆ ಹುಮ್ಮಸ್ಸು. ಹಳೆಯ ಬಾಗಿಲೆಲ್ಲ ಮುಚ್ಚುತ್ತ ಮುಚ್ಚುತ್ತ
ನಾನು ನಿಂತಿದ್ದ ಬಾಗಿಲನ್ನೂ ಮುಚ್ಚಿದೆ.
ಪರದೆ ಕಲ್ಲಾಯಿತು.
ಎಷ್ಟು ಕರೆದರೂ ಅತ್ತಲಿಂದ ಓ ಇಲ್ಲ.
ನಾಲ್ಕು ಸಾವಿರದ ಮುನ್ನೂರ ಹದಿಮೂರನೆಯವಳು ನಾನು.

ರಾತ್ರಿ ಒಂದೂವರೆ. ಬಿ.ಎಂ. ರಸ್ತೆಯ ಲಾರಿಗಳ ನಡುವೆ ಸ್ಕೂಟರು,
ಹಲ್ಲು ಕಟಕಟ.
ದೊಡ್ಡೀರಯ್ಯ ಟಾರ್ಚನ್ನು ನೇರ ಮುಖಕ್ಕೆ ಬಿಟ್ಟ.
"ಯಾರು?"
ನಾನು, ಮುಬೀನಾ.
"ಹೆಸರು ಯಾರು ಬೇಕಾದ್ರೂ ಕೂಗ್ತಾರೆ ಅಂತ
ನೀನೇ ಅಂದಿದ್ದೆ. ಗುರುತು ಹೇಳು."
ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ಕೇಳಿದ.
"ಮೊನ್ನೆ ಈ ನಾಯಿಗೆ ನಿನ್ನ ಬುತ್ತೀಲಿ ಏನು ಹಾಕ್ದೆ?"

ಹೇಳಿದೆ.
ಕಬ್ಬಿಣದ ಗೇಟು ಕಿರುಗುಟ್ಟಿ ಬಿಟ್ಟುಕೊಂಡಿತು.
ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ.
ಕೀಲಿಯ ಹೊಟ್ಟೆಯೊಳಗಿನ ಗುಟ್ಟಿನ ಸಾಲು
ಈಗ ಅದೇ. ಮೂವರಿಗೆ ಗೊತ್ತು,
ನಾಯಿಯೂ ಸೇರಿ.

ಬಡಿತವೇನೂ ನಿಂತಿಲ್ಲ.
ದಿನಾ ಬೆಳಿಗ್ಗೆ ಫೋನು: "ನಿನ್ನೆ ಎಷ್ಟು?"
ಹೇಳುತ್ತೇನೆ. ಕಿವಿಯ ಸಂದಿನ ಪೆನ್ಸಿಲು ತೆಗೆದು
ಗೇಟಿನ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ.
ಬಡಿದವರು: ಐದು ಸಾವಿರದ ಒಂಬತ್ತು.
ಒಳಗೆ ಬಂದವರು:
ಅಲ್ಲೊಂದು ಗೆರೆ ಎಳೆದು
ರುಜು ಹಾಕುತ್ತಾನೆ, ಇಷ್ಟುದ್ದ.